ಹೈಡ್ರೊಕಾರ್ಟಿಸೋನ್ ಮುಲಾಮು

ಹೈಡ್ರೊಕಾರ್ಟಿಸೋನ್ ಮುಲಾಮು ಚರ್ಮದ ತುರಿಕೆ, ಕೆಂಪು ಮತ್ತು ಊತವನ್ನು ಶಮನಗೊಳಿಸಲು ಹೊರಗಿನಿಂದ ಹಚ್ಚುವ ಸೌಮ್ಯ ಸ್ಟೀರಾಯ್ಡ್ ಔಷಧವಾಗಿದೆ. ಚರ್ಮಕ್ಕೆ ಲೇಪಿಸುವ ಸ್ಟೀರಾಯ್ಡ್‌ಗಳ ದೊಡ್ಡ ಕುಟುಂಬದಲ್ಲಿ ಇದು ಅತ್ಯಂತ ಕಡಿಮೆ ಬಲದ ವರ್ಗಕ್ಕೆ ಸೇರುತ್ತದೆ. ಸಾಮಾನ್ಯವಾಗಿ ಶೇ. 0.5, ಶೇ. 1 ಮತ್ತು ಶೇ. 2.5ರ ಸಾಂದ್ರತೆಗಳಲ್ಲಿ ದೊರೆಯುತ್ತದೆ. ಇಸಬು, ಸ್ಪರ್ಶಜನ್ಯ ಚರ್ಮದ ಉರಿಯೂತ, ಕೀಟಗಳ ಕಡಿತ ಮೊದಲಾದ ತೊಂದರೆಗಳಲ್ಲಿ ಇದನ್ನು ಕೆಲವು ದಿನಗಳ ಮಟ್ಟಿಗೆ ಬಳಸುತ್ತಾರೆ.

ಈ ಔಷಧವು ಉರಿಯೂತವನ್ನು ತಣಿಸುತ್ತದೆ. ಆದರೆ ರೋಗಾಣುಗಳನ್ನು ಕೊಲ್ಲುವುದಿಲ್ಲ, ಉರಿಯೂತದ ಮೂಲಕಾರಣವನ್ನೂ ನಿವಾರಿಸುವುದಿಲ್ಲ. ಆದ್ದರಿಂದ ಇದರ ಸುರಕ್ಷತೆಯು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಕಾಯಿಲೆ ಯಾವುದು, ಹಚ್ಚುವ ಜಾಗ ಯಾವುದು, ಎಷ್ಟು ಪ್ರಮಾಣ ಮತ್ತು ಎಷ್ಟು ದಿನ. ಈ ನಾಲ್ಕೂ ಸರಿಯಾಗಿದ್ದಲ್ಲಿ ಶೇ. 1ರ ಹೈಡ್ರೊಕಾರ್ಟಿಸೋನ್‌ನಿಂದ ಗಂಭೀರ ಹಾನಿಯಾಗುವುದು ಅಪರೂಪ. ಭಾರತದಲ್ಲಿ ಕಂಡುಬರುವ ಸ್ಟೀರಾಯ್ಡ್ ಹಾನಿಯ ಬಹುಪಾಲು ಇದಕ್ಕಿಂತ ಅನೇಕ ಪಟ್ಟು ಬಲಶಾಲಿಯಾದ, ಆದರೆ ನೋಟಕ್ಕೆ ಇದರಂತೆಯೇ ಇರುವ ಕೊಳವೆಗಳಿಂದ ಉಂಟಾಗುತ್ತದೆ.

ಹೆಸರು ಮತ್ತು ಸ್ವರೂಪ

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಹೊರಪದರಕ್ಕೆ ಕಾರ್ಟೆಕ್ಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಮರದ ತೊಗಟೆ ಎಂಬ ಅರ್ಥವಿದೆ. ಆ ಪದರದಲ್ಲಿ ಹುಟ್ಟುವ ಹಾರ್ಮೋನುಗಳಿಗೆ ಕಾರ್ಟಿಕೊಸ್ಟೀರಾಯ್ಡ್‌ಗಳೆಂಬ ಹೆಸರು ಬಂದದ್ದು ಇದರಿಂದಲೇ. ಶರೀರವು ದಿನನಿತ್ಯವೂ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಮತ್ತು ಔಷಧವಾಗಿ ಬಳಕೆಯಾಗುವ ಹೈಡ್ರೊಕಾರ್ಟಿಸೋನ್ ರಾಸಾಯನಿಕವಾಗಿ ಒಂದೇ ವಸ್ತು. ಸ್ನಾಯುಗಳನ್ನು ಬೆಳೆಸಲೆಂದು ಕೆಲವು ಕ್ರೀಡಾಪಟುಗಳು ದುರ್ಬಳಕೆ ಮಾಡುವ ಅನಬಾಲಿಕ್ ಸ್ಟೀರಾಯ್ಡ್‌ಗಳು ಬೇರೆಯೇ ಗುಂಪಿಗೆ ಸೇರಿದವು. ಅವುಗಳಿಗೂ ಈ ಮುಲಾಮಿಗೂ ಸಂಬಂಧವಿಲ್ಲ.

ಔಷಧವು ಮುಖ್ಯವಾಗಿ ಮೂರು ರೂಪಗಳಲ್ಲಿ ಸಿಗುತ್ತದೆ. ನೀರು ಮತ್ತು ಎಣ್ಣೆ ಬೆರೆತ ಬಿಳಿಯ ಕ್ರೀಮ್ ಒಸರುವ ಅಥವಾ ತೇವವಿರುವ ಚರ್ಮಕ್ಕೆ ಒಪ್ಪುತ್ತದೆ. ಜಿಡ್ಡು ಹೆಚ್ಚಿರುವ ಆಯಿಂಟ್‌ಮೆಂಟ್ ಒಣಗಿ ಬಿರಿದ, ದಪ್ಪಗಟ್ಟಿದ ಚರ್ಮಕ್ಕೆ ಹೊಂದುತ್ತದೆ. ತೆಳ್ಳಗಿನ ಲೋಷನ್ ಕೂದಲಿರುವ ಜಾಗಗಳಿಗೆ ಅನುಕೂಲ.

ಇತಿಹಾಸ

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಟಾಡೆಯಸ್ ರೈಖ್‌ಸ್ಟೈನ್ 1930ರ ದಶಕದಲ್ಲಿ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳನ್ನು ಬೇರ್ಪಡಿಸುವ ಕಾರ್ಯದಲ್ಲಿ ತೊಡಗಿದ್ದರು. ಮೇಯೊ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್ 1948ರ ಸೆಪ್ಟೆಂಬರ್‌ನಲ್ಲಿ ತೀವ್ರ ಸಂಧಿವಾತದಿಂದ ನರಳುತ್ತಿದ್ದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಚುಚ್ಚುಮದ್ದು ನೀಡಿದಾಗ ಕೆಲವೇ ದಿನಗಳಲ್ಲಿ ಗಮನಾರ್ಹ ಚೇತರಿಕೆ ಕಂಡುಬಂದಿತು. ಈ ಮೂವರಿಗೆ 1950ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾರ್ಟಿಸೋನನ್ನು ಚರ್ಮದ ಮೇಲೆ ಹಚ್ಚಿದಾಗ ನಿರೀಕ್ಷಿತ ಫಲ ಸಿಗಲಿಲ್ಲ. ಅದು ಶರೀರದೊಳಗೆ ಹೈಡ್ರೊಕಾರ್ಟಿಸೋನ್ ಆಗಿ ಮಾರ್ಪಟ್ಟ ನಂತರವೇ ಕೆಲಸ ಮಾಡುವುದು ಇದಕ್ಕೆ ಕಾರಣ. ಹೈಡ್ರೊಕಾರ್ಟಿಸೋನನ್ನೇ ನೇರವಾಗಿ ಲೇಪಿಸಿದರೆ ಚರ್ಮದ ಉರಿಯೂತ ತಗ್ಗುತ್ತದೆಂದು 1952ರಲ್ಲಿ ಅಮೆರಿಕದ ಚರ್ಮವೈದ್ಯರಾದ ಮೇರಿಯನ್ ಸಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟ್ಟೆನ್ ವರದಿ ಮಾಡಿದರು. ಚರ್ಮವೈದ್ಯಶಾಸ್ತ್ರದಲ್ಲಿ ಇದು ಹೊಸ ಯುಗದ ಆರಂಭವಾಯಿತು. ಮುಂದಿನ ಎರಡು ದಶಕಗಳಲ್ಲಿ ಇದರ ಅಣುರಚನೆಯನ್ನು ಬದಲಿಸಿ ಟ್ರಯಾಮ್ಸಿನೊಲೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಮೊದಲಾದ ಹೆಚ್ಚು ಬಲದ ಔಷಧಗಳನ್ನು ರೂಪಿಸಲಾಯಿತು. ಗುಣವೂ ಅಡ್ಡ ಪರಿಣಾಮಗಳೂ ಜೊತೆಜೊತೆಯಾಗಿಯೇ ಹೆಚ್ಚಿದವು.

ಕಾರ್ಯವಿಧಾನ

ಚರ್ಮಕ್ಕೆ ಹಚ್ಚಿದ ಹೈಡ್ರೊಕಾರ್ಟಿಸೋನ್ ಜೀವಕೋಶಗಳನ್ನು ಹೊಕ್ಕು ಅಲ್ಲಿರುವ ಗ್ರಾಹಕ ಪ್ರೋಟೀನಿನೊಡನೆ ಕೂಡಿಕೊಳ್ಳುತ್ತದೆ. ಈ ಜೋಡಿ ಕೋಶಕೇಂದ್ರವನ್ನು ಪ್ರವೇಶಿಸಿ, ಉರಿಯೂತವನ್ನು ಹೆಚ್ಚಿಸುವ ವಸ್ತುಗಳನ್ನು ತಯಾರಿಸುವ ಜೀನ್‌ಗಳನ್ನು ಅಡಗಿಸುತ್ತದೆ ಮತ್ತು ಉರಿಯೂತವನ್ನು ತಡೆಯುವ ಪ್ರೋಟೀನುಗಳ ಉತ್ಪಾದನೆಗೆ ಚಾಲನೆ ಕೊಡುತ್ತದೆ. ಪ್ರೋಸ್ಟಾಗ್ಲಾಂಡಿನ್ ಮತ್ತು ಲ್ಯೂಕೋಟ್ರಯೀನ್‌ಗಳೆಂಬ ವಸ್ತುಗಳ ತಯಾರಿಕೆ ತಗ್ಗುತ್ತದೆ. ಹಿಗ್ಗಿದ ಸಣ್ಣ ರಕ್ತನಾಳಗಳು ಸಂಕುಚಿಸುವುದರಿಂದ ಕೆಂಪು ಮತ್ತು ಊತ ಇಳಿಯುತ್ತವೆ, ತುರಿಕೆ ಕಡಿಮೆಯಾಗುತ್ತದೆ.

ತುರಿಕೆ ಹೆಚ್ಚಿದಾಗ ಕೆರೆಯುವುದು, ಕೆರೆದಾಗ ಚರ್ಮ ಗಾಯಗೊಳ್ಳುವುದು, ಗಾಯಗೊಂಡ ಚರ್ಮ ಮತ್ತಷ್ಟು ತುರಿಸುವುದು ಒಂದು ವಿಷವರ್ತುಲ. ಕೆಲವು ದಿನಗಳ ಸ್ಟೀರಾಯ್ಡ್ ಲೇಪನವು ಈ ವರ್ತುಲವನ್ನು ಮುರಿದು, ಚರ್ಮವು ತಾನೇ ದುರಸ್ತಿಗೊಳ್ಳಲು ಅವಕಾಶ ಮಾಡಿಕೊಡುತ್ತದೆ. ಆದರೆ ಇದೇ ಔಷಧವು ಸೋಂಕಿನ ವಿರುದ್ಧ ಹೋರಾಡುವ ಚರ್ಮದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಹೊಸ ಕೋಶಗಳ ಮತ್ತು ಚರ್ಮಕ್ಕೆ ಗಟ್ಟಿತನ ನೀಡುವ ಕೊಲಾಜೆನ್‌ನ ಉತ್ಪತ್ತಿಯನ್ನೂ ನಿಧಾನಗೊಳಿಸುತ್ತದೆ. ಔಷಧದ ಗುಣ ಮತ್ತು ದೋಷಗಳೆರಡೂ ಹೀಗೆ ಒಂದೇ ಬೇರಿನಿಂದ ಹುಟ್ಟಿದವು.

ಬಲದ ವರ್ಗೀಕರಣ

ಬ್ರಿಟನ್ನಿನ ಪದ್ಧತಿಯಲ್ಲಿ ಲೇಪನ ಸ್ಟೀರಾಯ್ಡ್‌ಗಳನ್ನು ನಾಲ್ಕು ವರ್ಗಗಳಾಗಿಯೂ ಅಮೆರಿಕದ ಪದ್ಧತಿಯಲ್ಲಿ ಏಳು ವರ್ಗಗಳಾಗಿಯೂ ವಿಂಗಡಿಸಲಾಗಿದೆ. ಬ್ರಿಟನ್ನಿನ ನಾಲ್ಕು ವರ್ಗಗಳಿಗೆ ಉದಾಹರಣೆಗಳು ಹೀಗಿವೆ:

• ಸೌಮ್ಯ: ಹೈಡ್ರೊಕಾರ್ಟಿಸೋನ್ ಶೇ. 0.5ರಿಂದ 2.5
• ಮಧ್ಯಮ: ಕ್ಲೋಬೆಟಾಸೋನ್ ಬ್ಯುಟಿರೇಟ್ ಶೇ. 0.05
• ಪ್ರಬಲ: ಬೀಟಾಮೆಥಾಸೋನ್ ವ್ಯಾಲರೇಟ್ ಶೇ. 0.1, ಮೊಮೆಟಾಸೋನ್ ಫ್ಯೂರೋಯೇಟ್ ಶೇ. 0.1
• ಅತಿ ಪ್ರಬಲ: ಕ್ಲೋಬೆಟಾಸಾಲ್ ಪ್ರೊಪಿಯೊನೇಟ್ ಶೇ. 0.05

ಕೊಳವೆಯ ಮೇಲೆ ಮುದ್ರಿಸಿದ ಶೇಕಡಾ ಅಂಕಿಯಿಂದ ಔಷಧದ ಬಲವನ್ನು ಅಳೆಯಲಾಗದು. ಶೇ. 1ರ ಹೈಡ್ರೊಕಾರ್ಟಿಸೋನ್ ಸೌಮ್ಯ ವರ್ಗದ್ದು. ಅಂಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಭಾಗದಷ್ಟೇ ಇರುವ ಶೇ. 0.05ರ ಕ್ಲೋಬೆಟಾಸಾಲ್ ಅತಿ ಪ್ರಬಲ ವರ್ಗದ್ದು. ಹೆಸರಿನ ಸಾಮ್ಯವೂ ದಾರಿ ತಪ್ಪಿಸಬಲ್ಲದು. ಮಧ್ಯಮ ಬಲದ ಕ್ಲೋಬೆಟಾಸೋನ್ ಮತ್ತು ಅತಿ ಪ್ರಬಲವಾದ ಕ್ಲೋಬೆಟಾಸಾಲ್ ಎರಡು ಬೇರೆ ಬೇರೆ ಔಷಧಗಳು. ಹಾಗೆಯೇ ಹೈಡ್ರೊಕಾರ್ಟಿಸೋನ್ ಬ್ಯುಟಿರೇಟ್ ಎಂಬ ರೂಪಾಂತರವು ಸಾದಾ ಹೈಡ್ರೊಕಾರ್ಟಿಸೋನ್‌ನಂತೆ ಸೌಮ್ಯವಲ್ಲ, ಅದು ಪ್ರಬಲ ವರ್ಗಕ್ಕೆ ಸೇರಿದೆ. ಆದ್ದರಿಂದ ವ್ಯಾಪಾರಿ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಔಷಧದ ಪೂರ್ಣ ಹೆಸರನ್ನು ಓದುವುದು ಅಗತ್ಯ.

ಉಪಯೋಗಗಳು

ಸೌಮ್ಯ ಸ್ಟೀರಾಯ್ಡ್ ಲೇಪನವನ್ನು ಸಾಮಾನ್ಯವಾಗಿ ಈ ಕೆಳಗಿನ ತೊಂದರೆಗಳಲ್ಲಿ ಬಳಸಲಾಗುತ್ತದೆ.

ಇಸಬು: ಶಿಶುಗಳಲ್ಲಿ ಕೆನ್ನೆಗಳ ಮೇಲೂ ದೊಡ್ಡ ಮಕ್ಕಳಲ್ಲಿ ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳಲ್ಲೂ ಕಾಣಿಸಿಕೊಳ್ಳುವ, ಒಣ ಚರ್ಮ ಮತ್ತು ತೀವ್ರ ತುರಿಕೆಯ ಕಾಯಿಲೆ.

ಸ್ಪರ್ಶಜನ್ಯ ಉರಿಯೂತ: ಚರ್ಮಕ್ಕೆ ಒಗ್ಗದ ವಸ್ತುವಿನ ಸಂಪರ್ಕದಿಂದ ಉಂಟಾಗುವುದು. ಕೃತಕ ಆಭರಣ ಮತ್ತು ಗಡಿಯಾರದ ಕೊಂಡಿಗಳಲ್ಲಿನ ನಿಕ್ಕಲ್, ಕೂದಲಿನ ಬಣ್ಣ, ಬಟ್ಟೆ ಸೋಪು, ಹಸಿ ಸಿಮೆಂಟ್, ಅಂಟುಬಿಂದಿಯ ಗೋಂದು ಮುಂತಾದವು ಕಾರಣವಾಗಬಹುದು. ಕಾರಣವಾದ ವಸ್ತುವನ್ನು ದೂರವಿಡದೆ ಮುಲಾಮನ್ನಷ್ಟೇ ಹಚ್ಚಿದರೆ ಉರಿಯೂತ ಮರುಕಳಿಸುತ್ತದೆ. ಕರ್ನಾಟಕದ ಹೊಲ ಮತ್ತು ರಸ್ತೆಬದಿಗಳಲ್ಲಿ ಹಬ್ಬಿರುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡದ ಒಗ್ಗದಿಕೆಯೂ ಇದೇ ಗುಂಪಿನದು. ಗಿಡದ ಒಣಗಿದ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲಿಬರುವುದರಿಂದ ಗಿಡವನ್ನು ಮುಟ್ಟದವರಲ್ಲೂ ಮುಖ, ರೆಪ್ಪೆ, ಕುತ್ತಿಗೆ ಮತ್ತು ತೋಳುಗಳ ಮೇಲೆ ತುರಿಕೆ ಏಳಬಹುದು. ಇದು ದೀರ್ಘಕಾಲ ಕಾಡುವ ಕಾಯಿಲೆಯಾದ್ದರಿಂದ ಚರ್ಮವೈದ್ಯರ ಚಿಕಿತ್ಸೆ ಬೇಕಾಗುತ್ತದೆ.

ಕೀಟಗಳ ಕಡಿತ: ಸೊಳ್ಳೆ, ಇರುವೆ ಮುಂತಾದವು ಕಡಿದ ಜಾಗದ ಊತ ಮತ್ತು ತುರಿಕೆ.

ಸೆಬೋರಿಕ್ ಉರಿಯೂತ: ಮೂಗಿನ ಅಂಚು, ಹುಬ್ಬು ಮತ್ತು ಕಿವಿಯ ಹಿಂದೆ ಹೊಟ್ಟಿನಂತಹ ಪದರಗಳೊಡನೆ ಬರುವ ಉರಿಯೂತ. ಇದರಲ್ಲಿ ವೈದ್ಯರ ಸೂಚನೆಯಂತೆ, ಬಹುಮಟ್ಟಿಗೆ ಶಿಲೀಂಧ್ರನಾಶಕದ ಜೊತೆಯಲ್ಲಿ, ಅಲ್ಪಕಾಲ ಬಳಸಲಾಗುತ್ತದೆ.

ಕಪ್ಪು ಅಥವಾ ಕಂದು ಮೈಬಣ್ಣದವರಲ್ಲಿ ಉರಿಯೂತವು ಸ್ಪಷ್ಟ ಕೆಂಪಾಗಿ ಕಾಣದೆ, ಕಡುಕಂದು ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು. ಉರಿಯೂತ ಇಳಿದ ಮೇಲೂ ಆ ಜಾಗದಲ್ಲಿ ಕಪ್ಪು ಅಥವಾ ಮಸುಕಾದ ಕಲೆಯೊಂದು ವಾರಗಳಿಂದ ತಿಂಗಳುಗಳವರೆಗೆ ಉಳಿಯುತ್ತದೆ. ತುರಿಕೆಯೂ ಉಬ್ಬೂ ಇಲ್ಲದ ಇಂತಹ ಕಲೆ ಉರಿಯೂತದ ನೆನಪು ಮಾತ್ರ. ಅದು ಮಾಸುವವರೆಗೆ ಸ್ಟೀರಾಯ್ಡ್ ಹಚ್ಚುತ್ತಾ ಹೋಗುವುದು ಅತಿಬಳಕೆಗೆ ಒಂದು ಸಾಮಾನ್ಯ ಕಾರಣ.

ಬಳಸಬಾರದ ಸಂದರ್ಭಗಳು

ತುರಿಕೆಯಿರುವ ಎಲ್ಲ ಕಾಯಿಲೆಗಳಿಗೂ ಸ್ಟೀರಾಯ್ಡ್ ಮದ್ದಲ್ಲ. ಸೋಂಕಿನಿಂದ ಬಂದ ತುರಿಕೆಯಲ್ಲಿ ಇದು ಅಪಾಯಕಾರಿಯಾಗಬಲ್ಲದು.

ಹುಳುಕಡ್ಡಿ ಅಥವಾ ಗಜಕರ್ಣ ಶಿಲೀಂಧ್ರದ ಸೋಂಕು. ಉಂಗುರದಂತೆ ಹರಡುವ ಅಂಚು, ಅಂಚಿನಲ್ಲಿ ಪೊರೆ, ನಡುವೆ ತುಸು ತಿಳಿಯಾದ ಚರ್ಮ ಇದರ ಪರಿಚಿತ ಲಕ್ಷಣಗಳು. ತೊಡೆಸಂದು, ಸೊಂಟ ಮತ್ತು ಪೃಷ್ಠಭಾಗಗಳಲ್ಲಿ ಹೆಚ್ಚು. ಇದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಒಂದೆರಡು ದಿನಗಳಲ್ಲಿ ತುರಿಕೆ ಇಳಿದು ವಾಸಿಯಾದಂತೆ ತೋರುತ್ತದೆ. ಆದರೆ ತಡೆಯಿಲ್ಲದ ಶಿಲೀಂಧ್ರವು ಒಳಗೊಳಗೇ ಹರಡುತ್ತದೆ. ಉಂಗುರದ ಆಕಾರ ಅಳಿಸಿಹೋಗುವುದರಿಂದ ವೈದ್ಯರಿಗೂ ರೋಗವನ್ನು ಗುರುತಿಸುವುದು ಕಷ್ಟವಾಗುತ್ತದೆ. ಹೀಗೆ ವೇಷ ಮರೆಸಿಕೊಂಡ ಸೋಂಕಿಗೆ ವೈದ್ಯಕೀಯದಲ್ಲಿ ಟೀನಿಯಾ ಇನ್‌ಕಾಗ್ನಿಟೊ ಎಂಬ ಹೆಸರಿದೆ.

ಕಜ್ಜಿಯು ಚರ್ಮದೊಳಗೆ ಕೊರೆದು ವಾಸಿಸುವ ಸೂಕ್ಷ್ಮ ನುಸಿಯಿಂದ ಬರುತ್ತದೆ. ರಾತ್ರಿ ಹೆಚ್ಚುವ ತುರಿಕೆ, ಬೆರಳುಗಳ ಸಂದಿಯಲ್ಲಿ ಗುಳ್ಳೆಗಳು, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತೊಂದರೆ ಇವು ಇದರ ಸೂಚನೆಗಳು. ಮನೆಯವರೆಲ್ಲರೂ ಒಟ್ಟಿಗೆ ನುಸಿನಾಶಕ ಔಷಧ ಬಳಸುವುದು ಇದರ ಚಿಕಿತ್ಸೆ.

ಇವಲ್ಲದೆ ಕೀವು ತುಂಬಿದ ಗುಳ್ಳೆ, ಹಸಿಗಾಯ, ಹುಣ್ಣು, ಸೀತಾಳೆ ಸಿಡುಬು, ಸರ್ಪಸುತ್ತು, ತುಟಿಯಂಚಿನ ಹರ್ಪಿಸ್ ಗುಳ್ಳೆ, ಮೊಡವೆ ಮತ್ತು ರೊಸೇಶಿಯ ಎಂಬ ಮುಖದ ಕೆಂಪುರೋಗಗಳಿಗೂ ಇದನ್ನು ಹಚ್ಚಬಾರದು. ಮುಖದ ಬಂಗು ಮತ್ತು ಮೈಬಣ್ಣದ ತಿಳಿಗೊಳಿಸುವಿಕೆಗೆ ಬಳಸುವುದು ಸ್ಪಷ್ಟ ದುರ್ಬಳಕೆ.

ದೇಹದ ಭಾಗ ಮತ್ತು ಹೀರಿಕೆ

ಎಲ್ಲ ಕಡೆಯ ಚರ್ಮವೂ ಔಷಧವನ್ನು ಸಮನಾಗಿ ಹೀರಿಕೊಳ್ಳುವುದಿಲ್ಲ. ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಪ್ರಕಟಿಸಿದ ಹೈಡ್ರೊಕಾರ್ಟಿಸೋನ್ ಅಧ್ಯಯನದ ಪ್ರಕಾರ, ಮುಂದೋಳಿನ ಹೀರಿಕೆಯನ್ನು 1 ಎಂದು ಇಟ್ಟುಕೊಂಡರೆ ಹಣೆಯಲ್ಲಿ ಅದು ಸುಮಾರು 6, ದವಡೆಯ ಭಾಗದಲ್ಲಿ 13 ಮತ್ತು ವೃಷಣಚೀಲದ ಚರ್ಮದಲ್ಲಿ 42 ಪಟ್ಟು. ಅಂಗಾಲಿನಲ್ಲಿ ಮಾತ್ರ ಸುಮಾರು 0.14. ತೋಳಿನ ಮೇಲೆ ನಿರಪಾಯಕಾರಿಯಾದ ಔಷಧವು ಮುಖ ಅಥವಾ ತೊಡೆಸಂದಿನಲ್ಲಿ ಹಾನಿ ಮಾಡಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಕಣ್ಣಿನ ರೆಪ್ಪೆಯ ಚರ್ಮ ಅತ್ಯಂತ ತೆಳು. ಅಲ್ಲಿ ದೀರ್ಘಕಾಲ ಹಚ್ಚಿದ ಸ್ಟೀರಾಯ್ಡ್ ಕಣ್ಣಿನೊಳಗಿನ ಒತ್ತಡವನ್ನು ಏರಿಸಿ ಗ್ಲಾಕೋಮಕ್ಕೂ ಕಣ್ಣಿನ ಪೊರೆಗೂ ಕಾರಣವಾಗಬಹುದು. ಆದ್ದರಿಂದ ಮುಖ, ರೆಪ್ಪೆ, ಕಂಕುಳು ಮತ್ತು ಜನನಾಂಗದ ಸುತ್ತ ಸೌಮ್ಯ ಸ್ಟೀರಾಯ್ಡನ್ನು ಕೂಡ ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ಲೇಪಿಸಿದ ಜಾಗವನ್ನು ಪ್ಲಾಸ್ಟಿಕ್ ಅಥವಾ ಬಿಗಿಯಾದ ಪಟ್ಟಿಯಿಂದ ಮುಚ್ಚಿದರೂ ಹೀರಿಕೆ ಹೆಚ್ಚುತ್ತದೆ. ಶಿಶುಗಳಿಗೆ ತೊಡಿಸುವ ಡಯಾಪರ್ ಕೂಡ ಇಂತಹದೇ ಮುಚ್ಚಿಗೆಯಂತೆ ವರ್ತಿಸುತ್ತದೆ.

ಪ್ರಮಾಣ

ಪ್ರಮಾಣವನ್ನು ಅಳೆಯಲು ಬೆರಳ ತುದಿಯ ಅಳತೆ ಎಂಬ ಸರಳ ಮಾನವಿದೆ. ಇದನ್ನು 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್‌ಲೇ ಪ್ರತಿಪಾದಿಸಿದರು. ಐದು ಮಿಲಿಮೀಟರ್ ಬಾಯಿಯ ಕೊಳವೆಯಿಂದ ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಒಂದು ಅಳತೆ. ಇದರ ತೂಕ ಸುಮಾರು ಅರ್ಧ ಗ್ರಾಂ. ಬೆರಳುಗಳನ್ನು ಜೋಡಿಸಿ ಚಾಚಿದ ವಯಸ್ಕರ ಎರಡು ಅಂಗೈಗಳಷ್ಟು ಜಾಗಕ್ಕೆ ಇದು ಸಾಕು.

ವಯಸ್ಕರಿಗೆ ಒಂದು ಕೈಯ ಎರಡೂ ಬದಿಗಳಿಗೆ 1 ಅಳತೆ, ಒಂದು ಪಾದಕ್ಕೆ 2, ಒಂದು ತೋಳಿಗೆ 3 ಮತ್ತು ಒಂದು ಕಾಲಿಗೆ 6 ಅಳತೆಗಳು ಬೇಕಾಗುತ್ತವೆ. ಮಕ್ಕಳಿಗೆ ಹಚ್ಚುವಾಗಲೂ ಅಳೆಯುವ ಬೆರಳು ವಯಸ್ಕರದೇ ಆಗಿರಬೇಕು. ಒಂದರಿಂದ ಎರಡು ವರ್ಷದ ಮಗುವಿನ ಒಂದು ತೋಳು ಮತ್ತು ಕೈಗೆ ಒಂದೂವರೆ ಅಳತೆ ಸಾಕು.

ಎರಡು ಮೊಣಕೈಗಳ ಮಡಿಕೆಗಳಲ್ಲಿ ಒಟ್ಟು ಎರಡು ಅಂಗೈಯಷ್ಟು ಜಾಗದಲ್ಲಿ ಇಸಬು ಇದೆಯೆನ್ನೋಣ. ಪ್ರತಿ ಬಾರಿ ಅರ್ಧ ಗ್ರಾಂನಂತೆ ದಿನಕ್ಕೆ ಎರಡು ಬಾರಿ ಏಳು ದಿನ ಹಚ್ಚಿದರೆ ಖರ್ಚಾಗುವುದು 7 ಗ್ರಾಂ. ಅಂದರೆ 15 ಗ್ರಾಂನ ಕೊಳವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಬೇಕು. ಇಷ್ಟೇ ಜಾಗಕ್ಕೆ ವಾರದಲ್ಲಿ ಇಡೀ ಕೊಳವೆ ಮುಗಿದರೆ ಅದು ಅತಿಬಳಕೆಯ ಸೂಚನೆ; ಒಂದೇ ಕೊಳವೆ ತಿಂಗಳುಗಟ್ಟಲೆ ದಿನವೂ ಬಳಕೆಯಾಗುತ್ತಿದ್ದರೆ ಪ್ರಮಾಣ ಕಡಿಮೆಯಿದ್ದು ಅವಧಿ ಮಿತಿಮೀರಿದೆ ಎಂದು ತಿಳಿಯಬೇಕು.

ಹಚ್ಚುವ ಕ್ರಮ

ಕೈಗಳನ್ನು ತೊಳೆದು, ಚರ್ಮವನ್ನು ಶುಚಿಗೊಳಿಸಿ ಒರಸದೆ ಮೃದುವಾಗಿ ಒತ್ತಿ ಒಣಗಿಸಬೇಕು. ಉರಿಯೂತವಿರುವ ಜಾಗಕ್ಕೆ ಮಾತ್ರ ತೆಳುವಾದ ಪದರವನ್ನು ಕೂದಲು ಬೆಳೆಯುವ ದಿಕ್ಕಿನಲ್ಲಿ ಸವರಬೇಕು. ಬಲವಾಗಿ ಉಜ್ಜುವ ಅಗತ್ಯವಿಲ್ಲ. ದಿನಕ್ಕೆ ಒಂದು ಅಥವಾ ಎರಡು ಬಾರಿ ಹಚ್ಚಿದರೆ ಸಾಕು. ಹೆಚ್ಚು ಬಾರಿ ಹಚ್ಚುವುದರಿಂದ ಬೇಗ ಗುಣವಾಗುವುದಿಲ್ಲ. ಹಚ್ಚಿದ ಬಳಿಕ, ಕೈಗಳಿಗೇ ಚಿಕಿತ್ಸೆ ನಡೆಯುತ್ತಿಲ್ಲವಾದರೆ, ಕೈಗಳನ್ನು ಮತ್ತೆ ತೊಳೆದುಕೊಳ್ಳಬೇಕು.

ಒಣ ಚರ್ಮದವರಿಗೆ ತೇವಾಂಶ ಉಳಿಸುವ ಲೇಪನ ಚಿಕಿತ್ಸೆಯ ಬುನಾದಿ. ಅದನ್ನು ಉರಿಯೂತವಿರಲಿ ಇಲ್ಲದಿರಲಿ ದಿನವೂ ಧಾರಾಳವಾಗಿ ಬಳಸಬಹುದು. ಸ್ಟೀರಾಯ್ಡ್ ಮತ್ತು ತೇವಲೇಪನಗಳನ್ನು ಬೆರೆಸದೆ, ನಡುವೆ ಸುಮಾರು ಅರ್ಧ ಗಂಟೆಯ ಅಂತರವಿಟ್ಟು ಹಚ್ಚಬೇಕು. ಪ್ಯಾರಫಿನ್ ಇರುವ ಲೇಪನಗಳು ಬಟ್ಟೆ ಮತ್ತು ಹಾಸಿಗೆಗೆ ಅಂಟಿದಾಗ ಅವು ಬೇಗ ಬೆಂಕಿ ಹಿಡಿಯುತ್ತವೆ. ಒಲೆ, ದೀಪ, ಬೀಡಿ ಮತ್ತು ಸಿಗರೇಟುಗಳ ಬಳಿ ಎಚ್ಚರ ವಹಿಸಬೇಕು.

ಅವಧಿ

ವೈದ್ಯರ ಸಲಹೆಯಿಲ್ಲದೆ ಸೌಮ್ಯ ಸ್ಟೀರಾಯ್ಡನ್ನು ಏಳು ದಿನಗಳಿಗಿಂತ ಹೆಚ್ಚು ಕಾಲ ಬಳಸಬಾರದೆಂಬುದು ಸಾಮಾನ್ಯ ನಿಯಮ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಶೇ. 1ರ ಹೈಡ್ರೊಕಾರ್ಟಿಸೋನ್ ಮಾರಲು ಅವಕಾಶವಿರುವ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಕೂಡ ಈ ಮಿತಿಯನ್ನು ಸೂಚಿಸಲಾಗುತ್ತದೆ. ಕೀಟದ ಕಡಿತಕ್ಕೆ ಎರಡು ಮೂರು ದಿನಗಳೇ ಸಾಕಾಗುವುದುಂಟು. ತುರಿಕೆಯೂ ಉಬ್ಬೂ ಇಳಿದೊಡನೆ ಲೇಪನವನ್ನು ನಿಲ್ಲಿಸಬಹುದು. ಏಳು ದಿನಗಳಲ್ಲಿ ಗುಣ ಕಾಣದಿದ್ದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣವಿರುತ್ತದೆ: ರೋಗನಿರ್ಣಯ ತಪ್ಪಾಗಿದೆ, ಕಾರಣವಾದ ವಸ್ತುವಿನ ಸಂಪರ್ಕ ಮುಂದುವರಿದಿದೆ, ಅಥವಾ ಬೇರೆ ಬಲದ ಚಿಕಿತ್ಸೆ ಬೇಕಾಗಿದೆ. ಮೂರರಲ್ಲಿ ಯಾವುದಾದರೂ ಅದೇ ಕೊಳವೆಯನ್ನು ಮುಂದುವರಿಸುವುದು ಪರಿಹಾರವಲ್ಲ.

ಮಕ್ಕಳು, ಗರ್ಭಿಣಿಯರು ಮತ್ತು ಬಾಣಂತಿಯರು

ಮಕ್ಕಳಲ್ಲಿ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಹೆಚ್ಚು. ಹೀಗಾಗಿ ಅದೇ ಪ್ರಮಾಣದ ಔಷಧ ಮಗುವಿನ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ. ಪ್ರಬಲ ಸ್ಟೀರಾಯ್ಡನ್ನು ವಿಸ್ತಾರವಾಗಿ ವಾರಗಟ್ಟಲೆ ಹಚ್ಚಿದರೆ ಮಗುವಿನ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ತಗ್ಗಿಸಬಹುದು, ಬೆಳವಣಿಗೆ ಕುಂಠಿತವಾಗಬಹುದು. ಚೀಟಿಯಿಲ್ಲದ ಮಾರಾಟದಲ್ಲಿ ಅಮೆರಿಕ ಎರಡು ವರ್ಷಕ್ಕಿಂತ ಕೆಳಗಿನ, ಬ್ರಿಟನ್ ಹತ್ತು ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ವೈದ್ಯರ ಸಲಹೆಯನ್ನು ಕಡ್ಡಾಯವಾಗಿ ಸೂಚಿಸುತ್ತವೆ. ವೈದ್ಯರು ಬರೆದುಕೊಟ್ಟಾಗ ಶಿಶುಗಳಿಗೂ ಇದು ಸುರಕ್ಷಿತವಾಗಿಯೇ ಬಳಕೆಯಾಗುತ್ತಿದೆ.

ಗರ್ಭಿಣಿಯರಲ್ಲಿ ಸೌಮ್ಯ ಮತ್ತು ಮಧ್ಯಮ ಬಲದ ಲೇಪನಗಳನ್ನು ಸುರಕ್ಷಿತವೆಂದು ಪರಿಗಣಿಸಲಾಗಿದೆ. ಪ್ರಬಲ ಲೇಪನಗಳ ಅಧಿಕ ಬಳಕೆಗೂ ಶಿಶುವಿನ ಕಡಿಮೆ ಜನನತೂಕಕ್ಕೂ ಸಂಬಂಧ ಕಂಡುಬಂದಿದೆ. ಸ್ತನದ ತೊಟ್ಟಿಗೆ ಹಚ್ಚಿದ್ದರೆ ಮಗುವಿಗೆ ಹಾಲೂಡಿಸುವ ಮೊದಲು ಅದನ್ನು ಪೂರ್ತಿಯಾಗಿ ತೊಳೆಯಬೇಕು.

ಅಡ್ಡ ಪರಿಣಾಮಗಳು

ಹಚ್ಚಿದೊಡನೆ ಕೆಲವು ನಿಮಿಷ ಉರಿ ಅಥವಾ ಚುರುಗುಟ್ಟುವಿಕೆ ಸಾಮಾನ್ಯ. ಬಳಕೆ ಮುಂದುವರಿದಂತೆ ಇದು ತಗ್ಗುತ್ತದೆ. ಬಲ, ಅವಧಿ ಮತ್ತು ಪ್ರಮಾಣ ಹೆಚ್ಚಿದಂತೆ ಇತರ ಪರಿಣಾಮಗಳು ತಲೆದೋರುತ್ತವೆ. ಚರ್ಮ ತೆಳುವಾಗಿ ಕೆಳಗಿನ ರಕ್ತನಾಳಗಳು ಎದ್ದುಕಾಣುವುದು, ಮೊಡವೆಯಂತಹ ಗುಳ್ಳೆಗಳು, ಬಾಯಿಯ ಸುತ್ತ ಕೆಂಪು ಬೊಕ್ಕೆಗಳು, ಅನಗತ್ಯ ಕೂದಲಿನ ಬೆಳವಣಿಗೆ, ಚರ್ಮದ ಬಣ್ಣ ಮಸುಕಾಗುವುದು ಇವುಗಳಲ್ಲಿ ಮುಖ್ಯವಾದವು. ತೊಡೆಸಂದು ಮತ್ತು ಕಂಕುಳಿನಲ್ಲಿ ಬಸುರಿಯರ ಹೊಟ್ಟೆಯ ಮೇಲಿನಂತಹ ಬರೆಗಳು ಮೂಡಬಹುದು. ಒಮ್ಮೆ ಮೂಡಿದ ಬರೆಗಳು ಪೂರ್ತಿಯಾಗಿ ಅಳಿಯುವುದಿಲ್ಲ. ಅಪರೂಪಕ್ಕೆ ಹೈಡ್ರೊಕಾರ್ಟಿಸೋನ್‌ಗೇ ಅಥವಾ ಮುಲಾಮಿನ ಇತರ ಘಟಕಗಳಿಗೆ ಒಗ್ಗದಿಕೆ ಉಂಟಾಗುತ್ತದೆ. ಹಚ್ಚಿದಷ್ಟೂ ತುರಿಕೆ ಹೆಚ್ಚುತ್ತಿದ್ದರೆ ಇದನ್ನು ಶಂಕಿಸಬೇಕು.

ಪ್ರಬಲ ಸ್ಟೀರಾಯ್ಡನ್ನು ದೀರ್ಘಕಾಲ ಬಳಸಿ ನಿಲ್ಲಿಸಿದಾಗ ಮೊದಲಿಗಿಂತಲೂ ತೀವ್ರವಾದ ಕೆಂಪು, ಉರಿ ಮತ್ತು ಸಿಪ್ಪೆ ಏಳುವಿಕೆ ಕಾಣಿಸಬಹುದು. ಅದನ್ನು ಮೂಲರೋಗವೆಂದು ಬಗೆದು ಮತ್ತೆ ಹಚ್ಚಿದಾಗ ಅವಲಂಬನೆ ಬೆಳೆಯುತ್ತದೆ. ಈ ಪ್ರತಿಕ್ರಿಯೆಯ ಬಗ್ಗೆ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು 2021ರಲ್ಲಿ ಎಚ್ಚರಿಕೆ ಪ್ರಕಟಿಸಿತು. ತಿಂಗಳುಗಟ್ಟಲೆ ಬಳಸಿದವರು ಥಟ್ಟನೆ ನಿಲ್ಲಿಸದೆ ವೈದ್ಯರ ಮಾರ್ಗದರ್ಶನದಲ್ಲಿ ಕಡಿಮೆ ಮಾಡುವುದು ಒಳಿತು.

ಭಾರತದಲ್ಲಿ ದುರ್ಬಳಕೆ

ಭಾರತದಲ್ಲಿ ಪ್ರಬಲ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ರೂಢಿ ವ್ಯಾಪಕವಾಗಿದೆ. ಇದರಲ್ಲಿ ಎರಡು ಬಗೆಯ ಮಿಶ್ರಣಗಳು ವಿಶೇಷ ಸಮಸ್ಯೆ ತಂದಿವೆ.

ಮೊದಲನೆಯದು ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್‌ನೊಡನೆ ಶಿಲೀಂಧ್ರನಾಶಕ ಮತ್ತು ಪ್ರತಿಜೀವಕಗಳನ್ನು ಸೇರಿಸಿದ, ಯಾವ ತುರಿಕೆಗೂ ಒದಗುವುದೆಂಬ ಭಾವನೆ ಹುಟ್ಟಿಸುವ ಮುಲಾಮು. ದೇಶದಲ್ಲಿ ಕಳೆದ ಹಲವು ವರ್ಷಗಳಿಂದ ಹುಳುಕಡ್ಡಿಯು ವ್ಯಾಪಕವೂ ಮೊಂಡವೂ ಆಗಿರುವುದಕ್ಕೆ ಇಂತಹ ಮಿಶ್ರಣಗಳ ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಅಭಿಪ್ರಾಯಪಡುತ್ತಾರೆ. ಅನೇಕ ವೇಳೆ ಸಾಮಾನ್ಯ ಔಷಧಕ್ಕೆ ಬಗ್ಗದ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂಬ ಶಿಲೀಂಧ್ರಕ್ಕೆ 2020ರಲ್ಲಿ ನೀಡಲಾದ ಈ ಹೆಸರಿನಲ್ಲೇ ಭಾರತದ ನಂಟು ಅಡಗಿದೆ.

ಎರಡನೆಯದು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಸೇರಿದ ಮುಖದ ಕ್ರೀಮ್. ಬಂಗಿಗೆ ವೈದ್ಯರ ನಿಗಾದಲ್ಲಿ ಅಲ್ಪಾವಧಿಗೆಂದು ಇರುವ ಈ ಮಿಶ್ರಣವು ಬೆಳ್ಳಗಾಗುವ ಕ್ರೀಮ್ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ದಾಟುತ್ತದೆ. ಆರಂಭದಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಳ ನಂತರ ಬಿಸಿಲು ತಾಳದ, ನಿಲ್ಲಿಸಿದರೆ ಉರಿಯುವ ಮುಖ ಉಳಿಯುತ್ತದೆ. 2011ರಲ್ಲಿ ಪ್ರಕಟವಾದ, ದೇಶದ 12 ಕೇಂದ್ರಗಳ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಯಿದ್ದ 2926 ರೋಗಿಗಳ ಪೈಕಿ 433 ಮಂದಿ, ಅಂದರೆ ಶೇ. 14.8ರಷ್ಟು ಜನ, ಮುಖಕ್ಕೆ ಸ್ಟೀರಾಯ್ಡ್ ಬಳಸುತ್ತಿದ್ದುದು ಕಂಡುಬಂದಿತು.

ಕೇಂದ್ರ ಆರೋಗ್ಯ ಸಚಿವಾಲಯವು 2018ರಲ್ಲಿ 14 ಸ್ಟೀರಾಯ್ಡ್‌ಗಳ ಲೇಪನಗಳನ್ನು ಔಷಧ ನಿಯಮಗಳ ಅನುಸೂಚಿ ಎಚ್‌ಗೆ ಸೇರಿಸಿತು. ಈ ಅನುಸೂಚಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ.

ಕೊಳ್ಳುವವರಿಗೆ ಒಂದು ಸುಳುಹು ನೆರವಾಗಬಲ್ಲದು. ಲೇಪನ ಸ್ಟೀರಾಯ್ಡ್‌ಗಳ ಹೆಸರುಗಳು ಹೆಚ್ಚಾಗಿ ಸೋನ್, ಲೋನ್, ಸಾಲ್ ಅಥವಾ ನೈಡ್ ಎಂದು ಕೊನೆಗೊಳ್ಳುತ್ತವೆ. ಬೀಟಾಮೆಥಾಸೋನ್, ಫ್ಲುಟಿಕಾಸೋನ್, ಟ್ರಯಾಮ್ಸಿನೊಲೋನ್, ಕ್ಲೋಬೆಟಾಸಾಲ್, ಡೆಸೊನೈಡ್ ಇದಕ್ಕೆ ನಿದರ್ಶನಗಳು. ಹುಳುಕಡ್ಡಿಗೆಂದೋ ಮುಖದ ಕಾಂತಿಗೆಂದೋ ಕೊಟ್ಟ ಕೊಳವೆಯಲ್ಲಿ ಇಂತಹ ಹೆಸರು ಕಂಡರೆ ಹಚ್ಚುವ ಮೊದಲು ವೈದ್ಯರನ್ನು ಕೇಳುವುದು ಉಚಿತ. ಒಬ್ಬರಿಗೆ ಬರೆದುಕೊಟ್ಟ ಮುಲಾಮನ್ನು ಮನೆಯ ಇನ್ನೊಬ್ಬರು ಬಳಸುವುದೂ ಹಳೆಯ ಚೀಟಿಯನ್ನು ತೋರಿಸಿ ಮತ್ತೆ ಮತ್ತೆ ತರುವುದೂ ಇದೇ ದುರ್ಬಳಕೆಯ ಮುಖಗಳು.

ಸ್ಟೀರಾಯ್ಡ್ ಭೀತಿ

ದುರ್ಬಳಕೆಯ ಸುದ್ದಿಗಳು ಇನ್ನೊಂದು ಬದಿಯ ಹಾನಿಗೂ ಎಡೆಮಾಡಿಕೊಟ್ಟಿವೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ, ವೈದ್ಯರು ಬರೆದುಕೊಟ್ಟ ಸೌಮ್ಯ ಮುಲಾಮನ್ನೂ ಹಚ್ಚದ, ಅಥವಾ ಹಚ್ಚಿಯೂ ಹಚ್ಚದಂತೆ ಸೋಕಿಸುವ ಪಾಲಕರಿದ್ದಾರೆ. ಇಸಬಿರುವ ಮಗು ರಾತ್ರಿಯಿಡೀ ಕೆರೆದುಕೊಂಡು ನಿದ್ದೆಗೆಡುತ್ತದೆ. ಕೆರೆದ ಗಾಯಗಳಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ವರ್ಷಗಟ್ಟಲೆ ಕೆರೆದ ಚರ್ಮ ದಪ್ಪಗಟ್ಟಿ ಕಪ್ಪಾಗುತ್ತದೆ. ಆಗ ಅದನ್ನು ತಣಿಸಲು ಇನ್ನೂ ಬಲವಾದ ಔಷಧವೇ ಬೇಕಾಗುತ್ತದೆ. ಹೈಡ್ರೊಕಾರ್ಟಿಸೋನ್‌ನಂತಹ ಸೌಮ್ಯ ಔಷಧವನ್ನು ಸೂಕ್ತ ಪ್ರಮಾಣದಲ್ಲಿ ಕೆಲವೇ ದಿನ ಬಳಸುವುದರಿಂದ ಚರ್ಮ ತೆಳುವಾಗುವ ಸಂಭವ ತೀರಾ ಕಡಿಮೆ. ಉರಿಯೂತವನ್ನು ಆರಂಭದಲ್ಲೇ ಹತೋಟಿಗೆ ತಂದರೆ ಒಟ್ಟಾರೆ ಖರ್ಚಾಗುವ ಸ್ಟೀರಾಯ್ಡ್ ಕಡಿಮೆಯಾಗುತ್ತದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

• ಏಳು ದಿನಗಳ ಬಳಕೆಯ ನಂತರವೂ ಗುಣ ಕಾಣದಿದ್ದರೆ, ಅಥವಾ ನಿಲ್ಲಿಸಿದಾಗಲೆಲ್ಲ ತೊಂದರೆ ಮರುಕಳಿಸುತ್ತಿದ್ದರೆ
• ಉಂಗುರದಂತೆ ಹರಡುವ ಕಲೆಗಳಿದ್ದರೆ, ಅಥವಾ ಮನೆಯ ಹಲವರಿಗೆ ಒಟ್ಟಿಗೆ ತುರಿಕೆ ಶುರುವಾದರೆ
• ಕೀವು, ಹೆಚ್ಚುತ್ತಿರುವ ನೋವು, ಬಿಸಿ ಅಥವಾ ಜ್ವರ ಕಾಣಿಸಿಕೊಂಡರೆ
• ಇಸಬಿನ ಜಾಗದಲ್ಲಿ ನೋವಿನಿಂದ ಕೂಡಿದ ಸಣ್ಣ ಸಣ್ಣ ಗುಳ್ಳೆಗಳು ಏಕಾಏಕಿ ಗುಂಪಾಗಿ ಎದ್ದರೆ. ಇದು ಹರ್ಪಿಸ್ ವೈರಾಣುವಿನ ಸೋಂಕಾಗಿರಬಹುದಾದ್ದರಿಂದ ಅದೇ ದಿನ ಚಿಕಿತ್ಸೆ ಬೇಕು
• ಮುಖ, ಕಣ್ಣಿನ ರೆಪ್ಪೆ ಅಥವಾ ಜನನಾಂಗದ ಚರ್ಮದಲ್ಲಿ ತೊಂದರೆಯಿದ್ದರೆ
• ಶಿಶುಗಳಿಗೆ ಅಥವಾ ದೇಹದ ವಿಶಾಲ ಭಾಗಕ್ಕೆ ಹಚ್ಚಬೇಕಾಗಿ ಬಂದರೆ
• ಹೆಸರು ತಿಳಿಯದ ಕ್ರೀಮನ್ನು ತಿಂಗಳುಗಟ್ಟಲೆ ಬಳಸಿ, ಈಗ ನಿಲ್ಲಿಸಲಾಗದಿದ್ದರೆ

ಭೇಟಿಯ ವೇಳೆ ಅದುವರೆಗೆ ಬಳಸಿದ ಎಲ್ಲ ಕೊಳವೆಗಳನ್ನು, ಖಾಲಿಯಾದವನ್ನೂ ಸೇರಿಸಿ, ಜೊತೆಗೆ ಒಯ್ಯುವುದರಿಂದ ಚರ್ಮದ ಈಗಿನ ಸ್ಥಿತಿಗೆ ಮೂಲರೋಗ ಎಷ್ಟು, ಔಷಧ ಎಷ್ಟು ಕಾರಣವೆಂಬುದನ್ನು ವೈದ್ಯರು ನಿರ್ಧರಿಸಲು ಸಹಾಯವಾಗುತ್ತದೆ.